ಗಾಡಿಗೆ ಮ್ಯಾಟ್ ಕ್ಲಿಯರ್: ಪಟ್ಟೆ ಬೀಳದಂತೆ ಹೊಡೆಯುವುದು ಹೇಗೆ?

ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪದರವೇ ಕ್ಲಿಯರ್; ಹೊಳಪಿಲ್ಲದ್ದು ಮ್ಯಾಟ್. ಹೊಳೆಯುವ ಕ್ಲಿಯರ್ ಹೊಡೆಯುವಾಗ ತಪ್ಪಾದರೆ ಸರಿಪಡಿಸುವ ದಾರಿ ಇದೆ. ಧೂಳು ಕೂತರೆ 2000 ನಂಬರಿನ ವಾಟರ್ ಪೇಪರ್‌ನಲ್ಲಿ ಉಜ್ಜಿ ಪಾಲಿಶ್ ಮಾಡಿದರೆ ಮುಗಿಯಿತು. ಮ್ಯಾಟ್‌ನಲ್ಲಿ ಹಾಗಲ್ಲ. ಉಜ್ಜಿದ ಜಾಗವಷ್ಟೇ ಮಿಂಚಿ ಎದ್ದು ಕಾಣುತ್ತದೆ. ಆಮೇಲೆ ಇಡೀ ಭಾಗಕ್ಕೆ ಮತ್ತೆ ಹೊಡೆಯಬೇಕು.

ನಾನು ಇದನ್ನು ಕಲಿತದ್ದು ನನ್ನದೇ ಬೈಕಿನ ಟ್ಯಾಂಕ್ ಕೆಡಿಸಿಕೊಂಡು. ವಿಜಯಪುರದ ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ತಗಡಿನ ಶೆಡ್ಡು. ಒಂದು ಸಾಲು ಹೊಡೆದು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಮೊದಲಿನದು ಒಣಗಿರುತ್ತಿತ್ತು. ಸಂಜೆ ನೋಡಿದರೆ ಟ್ಯಾಂಕ್ ತುಂಬ ಹುಲಿಪಟ್ಟೆ!

ಮ್ಯಾಟ್ ಕ್ಲಿಯರ್‌ನಲ್ಲಿ ಸಿಲಿಕಾದಂಥ ಸಣ್ಣ ಪುಡಿ ಇರುತ್ತದೆ. ಥಿನ್ನರ್ ಆರಿ ಪದರ ಕುಗ್ಗಿದಾಗ ಈ ಪುಡಿಯಿಂದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗುತ್ತದೆ. ಬಿದ್ದ ಬೆಳಕು ಚದುರಿಹೋಗುತ್ತದೆ, ಹೊಳಪು ಕಾಣುವುದಿಲ್ಲ. ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದರೆ ಹೊಳಪಿನಲ್ಲೂ ವ್ಯತ್ಯಾಸ ಬರುತ್ತದೆ. ಪಟ್ಟೆಯ ಮೂಲ ಇದೇ.

ಟ್ಯಾಂಕ್ ಮೇಲೆ ಗೆರೆ, ಚಿತ್ರ, ಅಕ್ಷರ ಬರೆಸಿದ್ದೀರಾ? ಹಾಗಾದರೆ ನೇರವಾಗಿ ಮ್ಯಾಟ್ ಹೊಡೆಯಬೇಡಿ. ಟೇಪ್ ಅಂಟಿಸಿ ಹೊಡೆದ ಬಣ್ಣದ ಅಂಚು ಬೆರಳಿಗೆ ತಾಗುತ್ತದೆ, ಮ್ಯಾಟ್ ಅದನ್ನು ಮುಚ್ಚುವುದಿಲ್ಲ. ಮೊದಲು ಮಾಮೂಲಿ ಹೊಳೆಯುವ ಕ್ಲಿಯರ್ ಎರಡು ಕೋಟ್ ಕೊಟ್ಟು ಪೂರ್ತಿ ಗಟ್ಟಿಯಾಗಲು ಬಿಡಿ. ಆಮೇಲೆ 800 ನಂಬರಿನ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ. ಅಂಚು ಮಾಯವಾಗಬೇಕು, ಎಲ್ಲೂ ಮಿಂಚುವ ಚುಕ್ಕೆ ಉಳಿಯಬಾರದು. ಆದರೆ ಕೆಳಗಿನ ಬಣ್ಣದವರೆಗೆ ಉಜ್ಜಿಬಿಟ್ಟೀರಿ, ಜೋಕೆ. ಬೇಸರದ ಕೆಲಸ ನಿಜ, ಆದರೆ ನುಣುಪು ಹುಟ್ಟುವುದು ಇಲ್ಲೇ. ಚಿತ್ರವಿಲ್ಲದ ಒಂದೇ ಬಣ್ಣವಾದರೆ ಈ ಗೋಜಿಲ್ಲ; ಬೇಸ್ ಕೋಟ್ (ಬಣ್ಣದ ಪದರ) ಒಣಗಿದ ಮೇಲೆ ಅದರ ಮೇಲೇ ಮ್ಯಾಟ್ ಹೊಡೆಯಬಹುದು.

ನಮ್ಮ ಎರೆಮಣ್ಣಿನ ಧೂಳು ಗೊತ್ತಲ್ವಾ, ಎಲ್ಲಿಂದಲಾದರೂ ನುಗ್ಗುತ್ತದೆ. ಹಿಂದಿನ ರಾತ್ರಿಯೇ ಶೆಡ್ ಗುಡಿಸಿಡಿ. ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಿ, ಬಿಸಿಲೇರುವ ಮೊದಲೇ ಕೆಲಸ ಮುಗಿಸಿ. ಬೇಸಿಗೆಯಾದರೆ ಕಂಪನಿ ಹೇಳಿದ, ನಿಧಾನ ಆರುವ ಸ್ಲೋ ಥಿನ್ನರ್ ತನ್ನಿ. ಬೆಳಗಾವಿಯ ಮಳೆಗಾಲದ ಕಷ್ಟ ಬೇರೆ. ಅಲ್ಲಿ ಕಂಪ್ರೆಸರ್ ಗಾಳಿಯಲ್ಲೇ ನೀರು ಬರುತ್ತದೆ, ಆ ನೀರನ್ನು ಬೇರ್ಪಡಿಸುವ ವಾಟರ್ ಸೆಪರೇಟರ್ ಇಲ್ಲದೆ ಸ್ಪ್ರೇ ಗನ್ ಹಿಡಿಯಬೇಡಿ.

ಡಬ್ಬಿ ತೆರೆದಾಗ ಪುಡಿ ತಳದಲ್ಲಿ ಕೂತಿರುತ್ತದೆ. ಮಜ್ಜಿಗೆ ಕಡೆದಂತೆ ನೊರೆ ಎಬ್ಬಿಸಬೇಡಿ. ಅಂಬಲಿ ತಿರುವಿದಂತೆ, ತಳದಿಂದ, ನಿಧಾನವಾಗಿ ತಿರುವಿ. ಕ್ಲಿಯರ್ ಗಟ್ಟಿಯಾಗಿಸುವ ಹಾರ್ಡನರ್, ಥಿನ್ನರ್ ಡಬ್ಬಿಯ ಮೇಲೆ ಬರೆದಷ್ಟೇ, ಅಳತೆಯ ಕಪ್‌ನಲ್ಲಿ. ಇಲ್ಲಿ ‘ಅಂದಾಜು’ ನಡೆಯುವುದಿಲ್ಲ. ಟ್ಯಾಂಕ್, ಮಡ್‌ಗಾರ್ಡ್, ಸೈಡ್ ಪ್ಯಾನೆಲ್ ಎಲ್ಲಕ್ಕೂ ಒಂದೇ ಸಲ ಕಲಸಿ, ಒಂದೇ ಸಲ ಹೊಡೆಯಿರಿ. ಇಲ್ಲದಿದ್ದರೆ ಒಂದರ ಹೊಳಪು ಇನ್ನೊಂದಕ್ಕೆ ಹೊಂದುವುದಿಲ್ಲ.

ಹಾರ್ಡನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರಿಂದ ಅಸ್ತಮಾ ಬರಬಹುದು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಪೇಂಟರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಕರವಸ್ತ್ರ ಇದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದಿದ್ದರೆ ತಯಾರಿ ನೀವು ಮಾಡಿ, ಹೊಡೆಯುವುದನ್ನು ಪೇಂಟ್ ಬೂತ್ ಇರುವವರಿಗೆ ಬಿಡಿ.

ಈಗ ಗನ್. 1.3 ಮಿಲಿಮೀಟರ್ ನಾಜಲ್ ಸಾಕು. ಗನ್ ಗೇಣಿಗಿಂತ ಸ್ವಲ್ಪ ಹತ್ತಿರ ಇರಲಿ, ಕೈ ಒಂದೇ ವೇಗದಲ್ಲಿ ಓಡಲಿ, ಮಣಿಕಟ್ಟು ತಿರುಗಬಾರದು. ಪ್ರತಿ ಸಾಲೂ ಹಿಂದಿನ ಸಾಲಿನ ಮುಕ್ಕಾಲು ಭಾಗದ ಮೇಲೆ ಬೀಳಬೇಕು. ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಎರಡೂ ಹದವಾಗಿ ಒದ್ದೆಯಾಗಿರಲಿ. ತೀರಾ ತೆಳುವಾದರೆ ಕೈಗೆ ಒರಟು, ಜಾಸ್ತಿಯಾದರೆ ಹೊಳಪು ಅಥವಾ ಸೋರಿಕೆ. ಹಳೆಯ ಮಡ್‌ಗಾರ್ಡ್ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

ಹೊಡೆದ ತಕ್ಷಣ ಎಲ್ಲ ಫಳಫಳ ಹೊಳೆಯುತ್ತದೆ. ಗಾಬರಿ ಬೇಡ, ತಪ್ಪು ಡಬ್ಬಿ ಕೊಟ್ಟಿಲ್ಲ. ನಿಧಾನವಾಗಿ ಮಂಕಾಗುತ್ತದೆ. ಮೊದಲ ಕೋಟ್ ಎಲ್ಲ ಕಡೆ ಒಂದೇ ಸಮ ಮಂಕಾಗುವವರೆಗೆ ಎರಡನೆಯದಕ್ಕೆ ಕೈ ಹಾಕಬೇಡಿ. ಬೇಗ ಆರಲಿ ಎಂದು ಫ್ಯಾನ್ ಹಾಕುವುದು, ಬಿಸಿಲಿಗೆ ಇಡುವುದು ಎರಡೂ ಬೇಡ. ಒಂದು ಮೂಲೆ ಸರಿ ಕಾಣಲಿಲ್ಲ ಎಂದು ಅಲ್ಲಿಗಷ್ಟೇ ಸುಮ್ನೆ ಒಂದು ಕೈ ಹೊಡೆದಿರೋ, ಆ ಕಲೆ ಶಾಶ್ವತ.

ಆಮೇಲೆ ವ್ಯಾಕ್ಸ್ ಇಲ್ಲ, ಪಾಲಿಶ್ ಇಲ್ಲ, ಬ್ರಷ್ ಹಾಕಿ ತಿಕ್ಕುವ ಸರ್ವಿಸ್ ಇಲ್ಲ. ಮೃದು ಶಾಂಪೂ, ಮೆತ್ತನೆ ಬಟ್ಟೆ ಅಷ್ಟೇ. ಹಕ್ಕಿ ಹಿಕ್ಕೆ ಬಿದ್ದರೆ ನೀರು ಹಾಕಿ ನೆನೆಸಿ ತೆಗೆಯಿರಿ, ಒಣಗಿದ್ದನ್ನು ಉಜ್ಜಬೇಡಿ. ಪೆಟ್ರೋಲ್ ಬಂಕ್‌ನಲ್ಲಿ ಪೈಪ್ ತೆಗೆಯುವಾಗ ನಾಲ್ಕು ಹನಿ ಟ್ಯಾಂಕ್ ಮೇಲೆ ಬಿದ್ದೇ ಬೀಳುತ್ತವೆ. ಹುಡುಗನನ್ನು ಬೈದು ಪ್ರಯೋಜನವಿಲ್ಲ. ನಾನಂತೂ ಸೀಟಿನ ಕೆಳಗೆ ಹಳೆಯ ಬನಿಯನ್ ತುಂಡೊಂದನ್ನು ಇಟ್ಟುಕೊಂಡಿದ್ದೇನೆ.