ಕಲ್ಲು ನೆಲದಲ್ಲಿ ಸೊರಗಿದ್ದ ಸೀಬೆ ಗಿಡ ಸುಧಾರಿಸಿದ್ದು ಹೀಗೆ

ನೆಟ್ಟಾಗಿನಿಂದ ಸೀಬೆ ಗಿಡಕ್ಕೆ ಏಳಿಗೆಯೇ ಇರಲಿಲ್ಲ. ಎಳೆ ಎಲೆಗಳು ಹಳದಿ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆಯ ಗುರುತು. ಸುಣ್ಣದ ಅಂಶ ಜಾಸ್ತಿ ಇರುವ ನೆಲದಲ್ಲಿ ಮಾಮೂಲಿ. ಚೀಲೇಟೆಡ್ ಕಬ್ಬಿಣ, ಅಂದರೆ ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ, ಸಿಂಪಡಿಸಿದೆ. ಆದರೆ ನಿಜವಾದ ಕೆಲಸ ಇದ್ದದ್ದು ಮಣ್ಣಿನಲ್ಲಿ.

ಬುಡ ಬಿಟ್ಟು, ಕೊಂಬೆಗಳ ತುದಿಯ ನೇರಕ್ಕೆ ಸುತ್ತಲೂ ಹಾರೆಯಿಂದ ಮಣ್ಣು ಸಡಿಲಿಸಿದೆ. ದಪ್ಪ ಕಲ್ಲುಗಳನ್ನಷ್ಟೇ ತೆಗೆದೆ. ಸಣ್ಣವು ಇರಲಿ, ನೀರು ಬಸಿಯಲು ಒಳ್ಳೆಯದೇ ಅಲ್ವಾ. ಮೇಲೆ ಚೆನ್ನಾಗಿ ಕಳಿತ ಗೊಬ್ಬರ, ಅದರ ಮೇಲೆ 3–4 ಇಂಚು ತರಗೆಲೆ. ತರಗೆಲೆ ಕಾಂಡಕ್ಕೆ ತಾಗಬಾರದು, ತೊಗಟೆ ಕೊಳೆಯುತ್ತದೆ. ದಿನಾ ಚೂರು ನೀರು ಹಾಕುವ ಬದಲು, ಮಣ್ಣು ಒಣಗಿದಾಗ ನಿಧಾನವಾಗಿ ಆಳಕ್ಕಿಳಿಯುವಂತೆ ಬಿಟ್ಟೆ.

ಮೊದಲ ವರ್ಷದ ಹೂವೆಲ್ಲ ಚಿವುಟಿದೆ. ಸಂಕಟವಾಯಿತು, ಆದರೆ ಬೇರು ಬೆಳೆಯಬೇಕಿತ್ತು. ಈಗ ಕಾಯಿ ಕಚ್ಚಿದೆ. ಕೊಂಬೆಗೆ ಒಂದೆರಡು ಮಾತ್ರ ಉಳಿಸುತ್ತಿದ್ದೇನೆ.