ಕಡಿಮೆ ಬೆಲೆಯ ಪ್ರೊಜೆಕ್ಟರ್: ಡಬ್ಬ ಬಿಡಿ, ಗೋಡೆ ನೋಡಿ

ನಾನು ಮೊದಲು ಕೊಂಡ ಪ್ರೊಜೆಕ್ಟರ್‌ನ ಡಬ್ಬದ ಮೇಲೆ ಮೂರು ಮಾತು ದಪ್ಪ ಅಕ್ಷರದಲ್ಲಿದ್ದವು. 9000 ಲ್ಯುಮೆನ್ಸ್ (ಹೊರಬರುವ ಒಟ್ಟು ಬೆಳಕಿನ ಅಳತೆ), 4ಕೆ ಸಪೋರ್ಟ್, 200 ಇಂಚು ಚಿತ್ರ. ಸಂಜೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪತ್ತೇದಾರಿ ಸಿನಿಮಾ ಹಾಕಿದೆ. ಅರ್ಧ ಗಂಟೆ ಸುಮ್ಮನೆ ನೋಡಿದ ಅಪ್ಪ, "ಈ ಕತ್ತಲಲ್ಲಿ ಎಷ್ಟು ಜನ ನಿಂತಿದ್ದಾರೋ?" ಅಂತ ಕೇಳಿದರು. ನನಗೂ ಗೊತ್ತಾಗಲಿಲ್ಲ. ಅದೇ ದೃಶ್ಯವನ್ನು ಟೀವಿಯಲ್ಲಿ ಹಾಕಿದಾಗ ಮೂವರು ಕಂಡರು.

ಅಲ್ಲಿಂದ ಈಚೆಗೆ ಅಕ್ಕನಿಗೆ, ಗೆಳೆಯರಿಗೆ ಅಂತ ನಾಲ್ಕು ಪ್ರೊಜೆಕ್ಟರ್ ಪರೀಕ್ಷೆ ಮಾಡಿದ್ದೇನೆ. ಕಡಿಮೆ ಬೆಲೆಯಲ್ಲಿ ದೋಷವೇ ಇಲ್ಲದ ಪ್ರೊಜೆಕ್ಟರ್ ಸಿಗುವುದಿಲ್ಲ. ಕೆಲವು ದೋಷಕ್ಕೆ ಮದ್ದಿದೆ: ಒಂದು ಪರದೆ, ಒಂದು ಸ್ಪೀಕರ್, ಸರಿಯಾದ ಎತ್ತರದ ಸ್ಟ್ಯಾಂಡ್. ಕೆಲವು ದೋಷ ಮೆಷಿನ್ನಿನ ಹೊಟ್ಟೆಯೊಳಗಿನದು, ಅದಕ್ಕೆ ನಾವು ಏನೂ ಮಾಡಲಾಗದು. ನಾನು ಮೊದಲು ಹುಡುಕುವುದು ಆ ಎರಡನೇ ಜಾತಿಯ ದೋಷಗಳನ್ನು.

ಬೆಳಕಿನಿಂದ ಶುರು ಮಾಡೋಣ. ಬರೀ 'ಲ್ಯುಮೆನ್ಸ್' ಅಂತ ಇದ್ದರೆ ಆ ನಂಬರನ್ನು ಮರೆತುಬಿಡಿ. 'ಆನ್ಸಿ' (ANSI) ಅಥವಾ 'ಐಎಸ್ಒ' (ISO) ಅನ್ನುವ ಪದ ಜೊತೆಗಿದೆಯಾ ನೋಡಿ, ಇವು ಅಳತೆಗೆ ನಿಯಮ ಮಾಡುವ ಸಂಸ್ಥೆಗಳ ಹೆಸರು. ಆನ್ಸಿ ಪದ್ಧತಿಯಲ್ಲಿ ಬಿಳಿ ಚಿತ್ರವನ್ನು 9 ಭಾಗ ಮಾಡಿ, ಒಂದೊಂದರಲ್ಲೂ ಬೆಳಕು ಅಳೆದು, ಸರಾಸರಿ ತೆಗೆಯುತ್ತಾರೆ. ಇದನ್ನು ಮನೆಯಲ್ಲೂ ಅಂದಾಜಿಗೆ ಮಾಡಬಹುದು. ಪೂರ್ತಿ ಬಿಳಿ ಚಿತ್ರ ಹಾಕಿ. ಲೈಟ್ ಮೀಟರ್ ಆ್ಯಪ್ ಇರುವ ಫೋನನ್ನು ಪರದೆಗೆ ಒರಗಿಸಿ, ಅದರ ಮುಖ ಪ್ರೊಜೆಕ್ಟರ್ ಕಡೆಗಿರಲಿ. 9 ಜಾಗದಲ್ಲಿ ಬಂದ ಲಕ್ಸ್ (ಒಂದು ಚದರ ಮೀಟರ್ ಮೇಲೆ ಬೀಳುವ ಬೆಳಕು) ಕೂಡಿಸಿ 9ರಿಂದ ಭಾಗಿಸಿ. ಅದನ್ನು ಚಿತ್ರದ ಚದರ ಮೀಟರ್‌ನಿಂದ ಗುಣಿಸಿದರೆ ಲ್ಯುಮೆನ್ಸ್ ಸಿಗುತ್ತದೆ. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಅಂದರೆ ಸುಮಾರು 221 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ, ಹತ್ತಿರ ಹತ್ತಿರ 2.75 ಚದರ ಮೀಟರ್. ನನ್ನ ಆ ಮೊದಲನೆಯದರಲ್ಲಿ ಸರಾಸರಿ 80 ಲಕ್ಸ್ ಬಂತು. ಅಂದರೆ 220 ಲ್ಯುಮೆನ್ಸ್! ಫೋನಿನ ಅಳತೆ ಅಷ್ಟು ನಿಖರ ಅಲ್ಲ, ನಿಜ. ಆದರೆ 9000ಕ್ಕೂ 220ಕ್ಕೂ ಇರುವ ಅಂತರ ಹಿಡಿಯಲು ಅಷ್ಟು ಸಾಕು.

ಹಾಗಾದರೆ ಎಷ್ಟು ಬೇಕು? ಡಿಜಿಟಲ್ ಚಿತ್ರಮಂದಿರಗಳ ಗುಣಮಟ್ಟದ ಪ್ರಕಾರ ಪರದೆಯ ಬಿಳಿ ಚದರ ಮೀಟರಿಗೆ 48 ಕ್ಯಾಂಡೆಲಾ (ಪರದೆ ಕಣ್ಣಿಗೆ ಎಷ್ಟು ಹೊಳೆಯುತ್ತದೆ ಅನ್ನುವ ಅಳತೆ) ಇರಬೇಕು. ಸಾಮಾನ್ಯ ಬಿಳಿ ಪರದೆಯ ಮೇಲೆ 100 ಇಂಚಿಗೆ ಅದನ್ನು ತಲುಪಲು ಸುಮಾರು 415 ಲ್ಯುಮೆನ್ಸ್ ಬೇಕು. 80 ಇಂಚಿಗೆ 265 ಸಾಕು. ಇದು ಪೂರ್ತಿ ಕತ್ತಲಾದ ಕೋಣೆಯ ಲೆಕ್ಕ. ನನಗೆ ಈ ಲೆಕ್ಕ ತುಂಬಾ ಸಮಾಧಾನ ಕೊಟ್ಟಿತು. ಮಂಕು ಅನಿಸಿದ ಪ್ರೊಜೆಕ್ಟರನ್ನು ಪರದೆಗೆ ಹತ್ತಿರ ತಂದು ಚಿತ್ರ ಚಿಕ್ಕದು ಮಾಡಿದರೆ ಅದೇ ಮೆಷಿನ್ ಚೇತರಿಸಿಕೊಳ್ಳುತ್ತದೆ. ಕರ್ಣದ ಅಳತೆ ದುಪ್ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಡಬ್ಬದ ಮೇಲಿನ 200 ಇಂಚಿಗೆ ಆಸೆಪಡಬೇಡಿ. ಇನ್ನೊಂದು ವಿಷಯ. ಅಳೆಯುವಾಗ 'ಸಿನಿಮಾ' ಮೋಡ್‌ನಲ್ಲಿ ಅಳೆಯಿರಿ. ಎಲ್ಲಕ್ಕಿಂತ ಪ್ರಖರವಾದ ಮೋಡ್‌ನಲ್ಲಿ ಸಾಮಾನ್ಯವಾಗಿ ಮುಖಗಳು ಹಸಿರಿಗೋ ನೀಲಿಗೋ ತಿರುಗಿರುತ್ತವೆ. ಅದರಲ್ಲಿ ಕೂತು ಯಾರೂ ಸಿನಿಮಾ ನೋಡುವುದಿಲ್ಲ, ಅಲ್ವಾ?

ಬೆಳಕಿಗಿಂತ ನಾನು ಜಾಸ್ತಿ ಹೊತ್ತು ನೋಡುವುದು ಕಪ್ಪನ್ನು. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು, ಬೆಳಕನ್ನು ತಡೆಯಬಲ್ಲದು ಅಷ್ಟೇ. ಎಷ್ಟು ತಡೆಯುತ್ತದೆ ಅಂತ ತಿಳಿಯಲು ಸುಲಭ ದಾರಿ ಇದೆ. ಕೋಣೆ ಪೂರ್ತಿ ಕತ್ತಲು ಮಾಡಿ, ಪೂರ್ತಿ ಕಪ್ಪು ಚಿತ್ರ ಹಾಕಿ, ಲೆನ್ಸ್ ಮುಂದೆ ಕೈ ಹಿಡಿಯಿರಿ. ಪರದೆಯ ಮೇಲೆ ಕೈ ನೆರಳು ಎದ್ದು ಕಂಡರೆ, ಸುತ್ತಲಿನ 'ಕಪ್ಪು' ನಿಜಕ್ಕೂ ಬೂದು ಅಂತ ಅರ್ಥ. ನೆರಳು ಕಷ್ಟಪಟ್ಟು ಹುಡುಕುವಂತಿದ್ದರೆ ಒಳ್ಳೇ ಮೆಷಿನ್. ಪೂರ್ತಿ ಕಪ್ಪು ಬಂದಾಗ ಕೆಲವು ಪ್ರೊಜೆಕ್ಟರ್ ತನ್ನ ದೀಪವನ್ನೇ ತಗ್ಗಿಸಿ ಜಾಣತನ ತೋರಿಸುತ್ತವೆ. ಹಾಗಾಗಿ ಒಂದು ಮೂಲೆಯಲ್ಲಿ ಬಿಳಿ ಚೌಕ ಇಟ್ಟು ಇನ್ನೊಮ್ಮೆ ನೋಡಿ. ಅಪ್ಪನಿಗೆ ಆ ಮೂವರು ಕಾಣದೇ ಹೋದದ್ದು ಇಲ್ಲೇ. ಮೆಷಿನ್ ಸೋರುವ ಬೆಳಕಿಗೆ ಮದ್ದಿಲ್ಲ. ಆದರೆ ಬಿಳಿ ಗೋಡೆ, ಬಿಳಿ ಚಾವಣಿಗೆ ಬಡಿದು ಪರದೆಗೆ ವಾಪಸ್ ಬರುವ ಬೆಳಕಿಗೆ ಇದೆ. ಪರದೆಯ ಅಕ್ಕಪಕ್ಕ ಗಾಢ ಬಣ್ಣದ ಬಟ್ಟೆ ಇಳಿಬಿಟ್ಟು ನೋಡಿ, ಚಿತ್ರಕ್ಕೆ ಆಳ ಬರುತ್ತದೆ.

ಮುಂದಿನದು ಸ್ಪಷ್ಟತೆ. '4ಕೆ ಸಪೋರ್ಟ್' ಅಂದರೆ 4ಕೆ ಸಿಗ್ನಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಅಂತ ಅಷ್ಟೇ. ಪಟ್ಟಿಯಲ್ಲಿ 'ನೇಟಿವ್ ರೆಸಲ್ಯೂಷನ್' (ಮೆಷಿನ್ ನಿಜಕ್ಕೂ ಮೂಡಿಸುವ ಚುಕ್ಕೆಗಳ ಲೆಕ್ಕ) ಅನ್ನುವ ಸಾಲು ಹುಡುಕಿ, ಅಲ್ಲಿ 1920×1080 ಇರಲಿ. ನನ್ನ ಮೊದಲನೆಯದು 1280×720.

ಇದಕ್ಕೆ ನನ್ನ ಪೆನ್ ಡ್ರೈವ್‌ನಲ್ಲಿ ಒಂದು ಚಿತ್ರವಿದೆ. ನಡುವೆ ಮತ್ತು ನಾಲ್ಕೂ ಮೂಲೆಯಲ್ಲಿ ಸಣ್ಣದಾಗಿ ದ ಧ, ಬ ಭ, ಪ ಫ ಅಂತ ಟೈಪ್ ಮಾಡಿಟ್ಟಿದ್ದೇನೆ. ನಮ್ಮ ಅಕ್ಷರಗಳಿಗಿಂತ ಒಳ್ಳೇ ಪರೀಕ್ಷೆ ನನಗೆ ಸಿಕ್ಕಿಲ್ಲ. ಹೊಟ್ಟೆ ಸೀಳಿದ್ದು ಕೂರುವ ಜಾಗದಿಂದಲೇ ಕಾಣಬೇಕು, ಮೂಲೆಯಲ್ಲೂ ಕಾಣಬೇಕು. ಸೋವಿ ಲೆನ್ಸ್‌ಗಳಲ್ಲಿ ನಡುವೆ ಫೋಕಸ್ ಮಾಡಿದರೆ ಮೂಲೆ ಮಸುಕು, ಮೂಲೆ ಹಿಡಿದರೆ ನಡು ಮಸುಕು. ಅದಕ್ಕೂ ಮದ್ದಿಲ್ಲ. ಸಬ್‌ಟೈಟಲ್ ಬರುವ ಕೆಳಗಿನ ಪಟ್ಟಿ ಚೊಕ್ಕವಾಗಿದ್ದರೆ ಮೇಲಿನ ಮೂಲೆಯ ಸ್ವಲ್ಪ ಮಸುಕನ್ನು ನಾನು ಒಪ್ಪಿಕೊಳ್ಳುತ್ತೇನೆ.

ಈ ಪರೀಕ್ಷೆಯನ್ನು ಎರಡು ಸಲ ಮಾಡಿ. ಆನ್ ಮಾಡಿದ ತಕ್ಷಣ ಒಮ್ಮೆ, ಒಂದು ಗಂಟೆ ಓಡಿದ ಮೇಲೆ ಒಮ್ಮೆ. ಬಿಸಿಗೆ ಲೆನ್ಸ್ ಹಿಗ್ಗಿ ಫೋಕಸ್ ಸರಿಯುತ್ತದೆ. ಅಕ್ಕ ಮೊದಲು ತರಿಸಿದ ಪ್ರೊಜೆಕ್ಟರ್ ಐದು ನಿಮಿಷದಲ್ಲಿ ಎಲ್ಲರನ್ನೂ ಮೆಚ್ಚಿಸಿತ್ತು. ಇಂಟರ್ವಲ್ ಹೊತ್ತಿಗೆ ಧ ಮತ್ತೆ ದ ಆಗಿತ್ತು. ಒಮ್ಮೆ ಸರಿಮಾಡಿದ ಮೇಲೆ ನಿಂತರೆ ತೊಂದರೆಯಿಲ್ಲ. ಅದು ಸರಿಯುತ್ತಲೇ ಇತ್ತು, ವಾಪಸ್ ಕಳಿಸಿದೆವು.

ಅಕ್ಷರ ನೋಡುವ ಮೊದಲು ಆಟೋ ಕೀಸ್ಟೋನ್ ಆಫ್ ಮಾಡಿರಿ. ಓರೆ ಚಿತ್ರವನ್ನು ಅದು ಚಿತ್ರ ಮೂಡಿಸುವ ಪ್ಯಾನೆಲ್‌ನೊಳಗೇ ಹಿಂಡಿ ಚೌಕ ಮಾಡುತ್ತದೆ. ಅಂಚಿನ ಚುಕ್ಕೆಗಳು ದಂಡ, ಅಕ್ಷರವೂ ಮೆತ್ತಗಾಗುತ್ತದೆ. ಸ್ಟ್ಯಾಂಡ್ ಸರಿಸಿ ನೇರ ಮಾಡುವುದೇ ಒಳ್ಳೆಯದು. ಅಂದಹಾಗೆ ಕೊಳ್ಳುವ ಮೊದಲೇ ಟೇಪ್ ಹಿಡಿದು ಕೋಣೆ ಅಳೆಯಿರಿ. 'ಥ್ರೋ ರೇಷಿಯೋ' 1.2 ಅಂತ ಇದ್ದರೆ ಚಿತ್ರದ ಅಗಲದ 1.2 ಪಟ್ಟು ದೂರ ಬೇಕು, 100 ಇಂಚಿಗೆ 265 ಸೆಂ.ಮೀ.

ಒಳಗಿನ ತಂತ್ರ ಯಾವುದು ಅನ್ನುವುದರ ಮೇಲೂ ದೋಷದ ಬಗೆ ನಿಂತಿದೆ. ಅಗ್ಗದವುಗಳಲ್ಲಿ ಹೆಚ್ಚಿನವು ಒಂದೇ ಎಲ್‌ಸಿಡಿ ಪ್ಯಾನೆಲ್ ಇರುವಂಥವು. ಫ್ಯಾನಿನ ಗಾಳಿ ಪ್ಯಾನೆಲ್ ಮೇಲೆಯೇ ಹಾಯುವ ಹಾಗಿದ್ದರೆ ಧೂಳು ಕೂತು ಚಿತ್ರದಲ್ಲಿ ಮಬ್ಬು ಮಚ್ಚೆ ಏಳುತ್ತದೆ. 'ಸೀಲ್ಡ್ ಆಪ್ಟಿಕಲ್ ಎಂಜಿನ್', ಅಂದರೆ ಧೂಳು ನುಗ್ಗದಂತೆ ಈ ಭಾಗವನ್ನು ಮುಚ್ಚಿದ ವ್ಯವಸ್ಥೆ, ಇರುವುದಕ್ಕೆ ನಾನು ಸಂತೋಷದಿಂದ ಜಾಸ್ತಿ ಕೊಡುತ್ತೇನೆ. ಇನ್ನೊಂದು ಬಗೆ ಡಿಎಲ್‌ಪಿ, ಅದು ಪುಟ್ಟ ಕನ್ನಡಿಗಳಿರುವ ಚಿಪ್‌ನಿಂದ ಚಿತ್ರ ಮೂಡಿಸುತ್ತದೆ. ಬಣ್ಣಗಳನ್ನು ಒಂದಾದ ಮೇಲೊಂದು ಎಸೆಯುವ ಒಂಟಿ ಚಿಪ್‌ನ ಡಿಎಲ್‌ಪಿಯಲ್ಲಿ ಕೆಲವರಿಗೆ ಬಿಳಿ ಅಂಚಿನಲ್ಲಿ ಕಾಮನಬಿಲ್ಲು ಮಿಂಚಿದಂತೆ ಕಾಣುತ್ತದೆ. ಕಪ್ಪಿನ ಮೇಲೆ ಬಿಳಿ ಹೆಸರುಗಳು ಓಡುವಾಗ ಕಣ್ಣನ್ನು ಆ ಕಡೆ ಈ ಕಡೆ ಸರ್ರನೆ ಆಡಿಸಿ ನೋಡಿ. ನನಗೆ ಏನೂ ಕಾಣುವುದಿಲ್ಲ, ನನ್ನ ಮಗಳಿಗೆ ತಕ್ಷಣ ಕಾಣುತ್ತದೆ. ಮನೆಯವರೆಲ್ಲರ ಕಣ್ಣಿಗೂ ಈ ಪರೀಕ್ಷೆ ಆಗಲೇಬೇಕು.

ಅದೇ ಹೆಸರುಗಳ ಓಟದಲ್ಲಿ ಚಲನೆಯನ್ನೂ ಗಮನಿಸಿ. ಸಿನಿಮಾ ಸೆಕೆಂಡಿಗೆ 24 ಚಿತ್ರ, ಪ್ರೊಜೆಕ್ಟರ್ ಸೆಕೆಂಡಿಗೆ 60 ಸಲ ಚಿತ್ರ ತೋರಿಸುವ 60 ಹರ್ಟ್ಜ್‌ಗೆ ಅಂಟಿಕೊಂಡಿದ್ದರೆ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಸಣ್ಣ ಕುಲುಕಾಟ ಆಗುವುದು ಇದರಿಂದಲೇ. ಇದು ನನಗೆ ಅಭ್ಯಾಸವಾಗಿದೆ.

ಉಳಿದವು ಸುಲಭ. ಒಳಗಿನ ಸ್ಪೀಕರ್ ಬಡವಾಗಿರುತ್ತದೆ, ಬೇರೆ ಸ್ಪೀಕರ್ ಹಚ್ಚಿ. ಬ್ಲೂಟೂತ್‌ನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಿದರೆ ವೈರ್ ಬಳಸಿ. ಫ್ಯಾನಿನ ಸದ್ದನ್ನು ಮಾತು ಕಡಿಮೆ ಇರುವ ದೃಶ್ಯದಲ್ಲಿ ಕೇಳಿ, ತಲೆಯ ಪಕ್ಕದಲ್ಲೇ ಇಡುವವರಿಗೆ ಇದು ಮುಖ್ಯ. ಒಳಗಿನ ಆ್ಯಪ್‌ಗಳಿಗೆ ಪರವಾನಗಿ ಇಲ್ಲದಿದ್ದರೆ ಚಿತ್ರ 480 ಸಾಲಿನಲ್ಲೇ ನಿಲ್ಲಬಹುದು. ಅದಕ್ಕೆ ಎಚ್‌ಡಿಎಂಐಗೆ ಹಾಕುವ ಸ್ಟ್ರೀಮಿಂಗ್ ಸ್ಟಿಕ್ ಇದೆ. ಸುಮ್ನೆ ಇಂಥ ಕಾರಣಕ್ಕೆ ಒಳ್ಳೇ ಲೆನ್ಸಿನ ಪ್ರೊಜೆಕ್ಟರನ್ನು ಕೈಬಿಡಬೇಡಿ.

ಅಕ್ಕ ಕೊನೆಗೆ ಇಟ್ಟುಕೊಂಡದ್ದು 300 ಆನ್ಸಿ ಲ್ಯುಮೆನ್ಸ್‌ನದು, 80 ಇಂಚಿಗೆ. ಸ್ಪೀಕರ್ ಚೆನ್ನಾಗಿಲ್ಲ, ಮೇಲಿನ ಎಡ ಮೂಲೆ ಸ್ವಲ್ಪ ಮಸುಕು. ಒಂದು ಗಂಟೆಯ ಮೇಲೂ ಧ ಧವಾಗಿಯೇ ಇತ್ತು. ಅಪ್ಪನಿಗೆ ಅದೇ ದೃಶ್ಯ ಹಾಕಿ ಎಷ್ಟು ಜನ ಅಂತ ಕೇಳಿದೆ. ಮೂವರು ಅಂದರು. ಆಮೇಲೆ ಅಕ್ಕ ಡಬ್ಬವನ್ನು ರದ್ದಿಗೆ ಹಾಕಲು ಹೊರಟಳು. ವಾಪಸ್ ಕೊಡುವ ಗಡುವಿಗೆ ಇನ್ನೂ ನಾಲ್ಕು ದಿನ ಇದೆ, ಅಲ್ಲಿಯ ತನಕ ಡಬ್ಬ, ಥರ್ಮೋಕೋಲ್, ಬಿಲ್ಲು ಮೂರೂ ಇರಲಿ, ದಿನಾ ರಾತ್ರಿ ಒಂದೊಂದು ಸಿನಿಮಾ ನೋಡು ಅಂದೆ.