ದುಡ್ಡೂ ಕೊಟ್ಟು ಅಡುಗೆಯನ್ನೂ ನಾವೇ ಮಾಡುವ ಹೋಟೆಲ್: ಇಷ್ಟವಿಲ್ಲದವರು ಪಾರಾಗುವುದು ಹೇಗೆ?

ಕುದಿಯುವ ಸಾರಿನಲ್ಲಿ ಬೇಯಿಸುವ ಹಾಟ್‌ಪಾಟ್, ಮಾಂಸ ಸುಡುವ ಕೊರಿಯನ್ ಬಾರ್ಬೆಕ್ಯೂ, ಬಿಸಿ ಎಣ್ಣೆಗೋ ಕರಗಿದ ಚೀಸ್‌ಗೋ ಅದ್ದುವ ಫಾಂಡ್ಯೂ, ಹೆಸರು ಏನೇ ಇರಲಿ. ಮೇಜಿನ ನಡುವೆ ಒಲೆ, ಸುತ್ತ ಹಸಿ ಮಾಂಸ, ಹಸಿ ತರಕಾರಿ. ಬೇಯಿಸುವ ಕೆಲಸ ನಮ್ಮದು, ಬಿಲ್ಲೂ ನಮ್ಮದೇ. ಇದು ಇಷ್ಟವಾಗದಿದ್ದರೆ ತಪ್ಪೇನಿಲ್ಲ. ಆದರೆ ಗೆಳೆಯರೆಲ್ಲ ಅಲ್ಲಿಗೇ ಹೊರಟರೆ ಎಷ್ಟು ಸಲ ಅಂತ ತಲೆನೋವಿನ ನೆಪ ಹೇಳುತ್ತೀರಿ?

ಜಾಗ ಗೊತ್ತಾಗುವ ಮೊದಲೇ ಬಾಯಿ ಬಿಡಿ. ಕೂತ ಮೇಲೆ ಗೊಣಗಿದರೆ ಎಲ್ಲರ ಮೂಡೂ ಹಾಳು. ‘ಒಬ್ಬೊಬ್ಬರಿಗೆ ಬೇರೆ ಪಾತ್ರೆ ಕೊಡುವ ಕಡೆ ಹೋಗೋಣ್ವಾ?’ ಎಂದು ಕೇಳಿ, ಹಾಟ್‌ಪಾಟ್‌ನಲ್ಲಿ ಅಂಥವು ಇವೆ. ಸಸ್ಯಾಹಾರಿಗಳಂತೂ ಕೇಳಲೇಬೇಕು, ಯಾಕೆಂದರೆ ಸಾರು ಮೂಳೆ ಬೇಯಿಸಿ ಮಾಡಿದ್ದಿರಬಹುದು. ನಡುವೆ ಅಡ್ಡಗೋಡೆ ಇಟ್ಟು ಎರಡು ಬಗೆಯ ಸಾರು ಹಾಕುವ ಪಾತ್ರೆಯನ್ನೂ ಪೂರ್ತಿ ನಂಬಬೇಡಿ. ಮಾತಿನ ಭರದಲ್ಲಿ ಯಾರಾದರೂ ಒಂದೇ ಸೌಟನ್ನು ಎರಡೂ ಕಡೆ ಅದ್ದಿಬಿಡುತ್ತಾರೆ.

ಅಲ್ಲಿಗೆ ಹೋದ ಮೇಲೆ ಎರಡೇ ದಾರಿ: ಇಕ್ಕಳ ನೀವೇ ಹಿಡಿಯಿರಿ, ಇಲ್ಲವೇ ಒಲೆಯ ತಂಟೆಗೇ ಹೋಗಬೇಡಿ. ನಡುವೆ ಸಿಕ್ಕಿಕೊಂಡವರ ಪಾಡು ಕಷ್ಟ. ನೀವು ಹಾಕಿದ ಚೂರನ್ನು ಇನ್ಯಾರೋ ಎತ್ತಿಕೊಳ್ಳುತ್ತಾರೆ, ಅವರು ಹಾಕಿದ್ದು ಬೆಂದಿದೆಯೋ ಇಲ್ಲವೋ ಗೊತ್ತಾಗದೆ ನೀವು ಸುಮ್ನೆ ಖಾಲಿ ತಟ್ಟೆ ಇಟ್ಟುಕೊಂಡು ಕೂರುತ್ತೀರಿ.

ನನ್ನ ಓಟು ಇಕ್ಕಳಕ್ಕೆ. ಅದು ಕೈಗೆ ಬಂದರೆ ಯಾವುದು ಯಾವಾಗ ಬೇಯಬೇಕು ಎಂಬುದು ನಿಮ್ಮ ಲೆಕ್ಕ. ಹಸಿ ಮಾಂಸಕ್ಕೆ ಒಂದು, ಬೆಂದದ್ದಕ್ಕೆ ಇನ್ನೊಂದು ಇಕ್ಕಳ ಕೇಳಿ ತರಿಸಿಕೊಳ್ಳಿ. ಹಾಟ್‌ಪಾಟ್ ಆದರೆ ಆಲೂಗಡ್ಡೆ, ತಾವರೆ ಬೇರು ಮೊದಲು, ಸೊಪ್ಪು ಕೊನೆಗೆ. ತಟ್ಟೆ ಪೂರ್ತಿ ಸುರಿದರೆ ಕುದಿ ನಿಂತುಹೋಗುತ್ತದೆ, ಸ್ವಲ್ಪ ಸ್ವಲ್ಪವೇ ಹಾಕಿ. ಯಾರಾದರೂ ಆಗಷ್ಟೇ ಹಸಿ ಕೋಳಿ ಹಾಕಿದ್ದರೆ ಪಕ್ಕದಲ್ಲಿ ತೇಲುತ್ತಿರುವ ಸೊಪ್ಪಿಗೆ ಕೈ ಹಾಕಬೇಡಿ, ಸಾರು ಮತ್ತೆ ಚೆನ್ನಾಗಿ ಕುದಿಯಲಿ. ತೆಳು ಹಾಳೆಯಂಥ ಮಾಂಸ ಬೇಗ ಬೇಯುತ್ತದೆ. ಕೋಳಿ ಮಾತ್ರ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕೊಚ್ಚಿದ ದನ ಅಥವಾ ಹಂದಿ ಮಾಂಸದ ಉಂಡೆ 71. ಊಟದ ಮೇಜಿಗೆ ಥರ್ಮಾಮೀಟರ್ ಯಾರು ತರುತ್ತಾರೆ? ದಪ್ಪ ಚೂರನ್ನು ಕತ್ತರಿಸಿ ನೋಡಿ, ಅನುಮಾನ ಇದ್ದರೆ ಮತ್ತೆ ಒಳಗೆ ಹಾಕಿ. ಕುದಿದಷ್ಟೂ ಸಾರಿನಲ್ಲಿ ಉಪ್ಪು ಜಾಸ್ತಿಯಾಗುತ್ತಾ ಹೋಗುತ್ತದೆ, ಹಾಗಾಗಿ ನೂಡಲ್ಸ್ ಹಾಕುವ ಮೊದಲು ನೀರು ಸೇರಿಸಿ. (ಎಣ್ಣೆಯ ಫಾಂಡ್ಯೂ ಆದರೆ ಉದ್ದ ಫೋರ್ಕನ್ನು ನೇರ ಬಾಯಿಗಿಡಬೇಡಿ, ಸುಟ್ಟುಹೋಗುತ್ತೆ.)

ಇಕ್ಕಳದ ಸಹವಾಸವೇ ಬೇಡವೆಂದರೆ ಒಲೆಯಿಂದ ದೂರದ ಮೂಲೆ ಹಿಡಿಯಿರಿ. ಕೊರಿಯನ್ ಹೋಟೆಲಾದರೆ ಅಡುಗೆಮನೆಯಿಂದಲೇ ಬರುವ ಬಿಬಿಂಬಾಪ್ (ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ), ತಣ್ಣನೆಯ ನೂಡಲ್ಸ್ ಮೆನುವಿನಲ್ಲಿ ಇವೆಯೇ ನೋಡಿ. ಕೆಲವು ಕಡೆ ಕೇಳಿದರೆ ಕೆಲಸದವರೇ ಮಾಂಸ ಸುಟ್ಟು ಕತ್ತರಿಸಿ ಕೊಡುತ್ತಾರೆ, ಕೇಳಲು ಸಂಕೋಚ ಯಾಕೆ? ಒಳ್ಳೆಯ ಬಟ್ಟೆ ಮಾತ್ರ ಹಾಕಿಕೊಂಡು ಹೋಗಬೇಡಿ, ಹೊಗೆಯ ವಾಸನೆ ಮರುದಿನವೂ ಬಿಡುವುದಿಲ್ಲ.

ತಲೆಗೆ ಇಷ್ಟು ಎಂದು ದುಡ್ಡು ಕಟ್ಟಿ ಬೇಕಾದಷ್ಟು ತಿನ್ನುವ ವ್ಯವಸ್ಥೆ ಇದ್ದರೆ ಮೊದಲೇ ವಿಚಾರಿಸಿ. ಅಂಥ ಕಡೆ ಮೇಜಿನಲ್ಲಿರುವ ಎಲ್ಲರೂ ಅದನ್ನೇ ತೆಗೆದುಕೊಳ್ಳಬೇಕು ಎನ್ನುವುದುಂಟು. ಒಂದು ಬಟ್ಟಲು ಅನ್ನ ತಿಂದವರಿಗೂ ಅಷ್ಟೇ ಬಿಲ್ಲು.